ಜಪಾನಿನಲ್ಲಿ ಕೆಲಸ ಹೋದ ಮೇಲೆ ಆರೋಗ್ಯ ವಿಮೆಯ ಕಂತು ಏರಿದ್ದೇಕೆ?

ಕಂಪನಿ ನಿಮ್ಮನ್ನು ಕೆಲಸದಿಂದ ತೆಗೆದು ಸಂಬಳವೇ ನಿಂತಿರುವಾಗ ರಾಷ್ಟ್ರೀಯ ಆರೋಗ್ಯ ವಿಮೆಯ ಕಂತು ಇಷ್ಟೊಂದು ಬಂದಿರುವುದಕ್ಕೆ ಕಾರಣ, ಬಹುಮಟ್ಟಿಗೆ, ಅದನ್ನು ಹಿಂದಿನ ವರ್ಷದ ಆದಾಯದ ಮೇಲೆ ಲೆಕ್ಕ ಹಾಕುವುದೇ ಆಗಿದೆ. ಇದುವರೆಗೆ ಇದ್ದ ಕಂಪನಿಯ ವಿಮೆಯಲ್ಲಿ ಅರ್ಧ ಕಂತನ್ನು ಕಂಪನಿ ಭರಿಸುತ್ತಿತ್ತು ಎಂಬುದೂ ಸೇರಿದೆ. ಕಂತು ಇಳಿಸಿಕೊಳ್ಳಲು ಮೊದಲು ‘ಹಲೋ ವರ್ಕ್’ ಉದ್ಯೋಗ ಕಚೇರಿಯಿಂದ ನಿರುದ್ಯೋಗ ಭತ್ಯೆಯ ಅರ್ಹತಾ ಪತ್ರ ಪಡೆಯಿರಿ. ಅದರಲ್ಲಿ ಕೆಲಸ ಬಿಟ್ಟ ಕಾರಣವನ್ನು ಎರಡಂಕಿಯ ಸಂಕೇತದಲ್ಲಿ ನಮೂದಿಸಿರುತ್ತಾರೆ. ವಜಾ ಆಗಿದ್ದರೆ ಸಾಮಾನ್ಯವಾಗಿ 11. ಈ ಸಂಖ್ಯೆಯೇ ಮುಖ್ಯ, ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿಕೊಳ್ಳಿ. ಆಮೇಲೆ ಪತ್ರವನ್ನು ನಗರಾಡಳಿತದ ವಿಮಾ ವಿಭಾಗಕ್ಕೆ ಒಯ್ದು ರಿಯಾಯಿತಿಗೆ ಅರ್ಜಿ ಕೊಟ್ಟರೆ, 65 ತುಂಬದವರ ಸಂಬಳದ ಆದಾಯದಲ್ಲಿ ಶೇಕಡಾ 30ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಕೆಲಸ ಹೋಗಿ 20 ದಿನ ಕಳೆದಿರದಿದ್ದರೆ, ಪೂರ್ತಿ ಕಂತನ್ನು ನೀವೇ ಕಟ್ಟಿ ಕಂಪನಿಯ ಹಳೆಯ ವಿಮೆಯನ್ನು 2 ವರ್ಷದವರೆಗೆ ಮುಂದುವರಿಸಬಹುದು. ಯಾವುದು ಅಗ್ಗವೆಂಬುದು ಊರಿಂದ ಊರಿಗೆ ಬೇರೆಯಾಗುವುದರಿಂದ ಎರಡೂ ಮೊತ್ತವನ್ನು ಕೇಳಿ ತಿಳಿದೇ ನಿರ್ಧರಿಸಿ.