ದುಡ್ಡಿನ ಮಾತು ಆಮೇಲೆ, ಮೊದಲು ಗುರುಗಳ ಮನೆಗೆ ಹೋಗಿ

ಈ ವಾರದ ಪತ್ರ ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು. ಕಳ್ಳನ ವಿಷಯ ಬಿಡಿ, ಅವನು ಬಂದ ಕೆಲಸ ಮುಗಿಸಿಕೊಂಡು ಹೋದ. ಸಿಟ್ಟು ಬಂದದ್ದು ಪತ್ರದ ತುಂಬ ಓಡಾಡುವ 'ಅಣ್ಣ'ನ ಮೇಲೆ.

ವಿಷಯ ಇಷ್ಟು. ಬರೆದವರು ಇಪ್ಪತ್ತಾರರ ಹುಡುಗಿ. ಒಂದು ತಂಡದಲ್ಲಿ ವಯೊಲಿನ್ ನುಡಿಸುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ವಾದ್ಯವನ್ನು ಪೆಟ್ಟಿಗೆಗೆ ಹಾಕಿ ವೇದಿಕೆ ಹಿಂದಿನ ಕೋಣೆಯಲ್ಲಿ ಇಟ್ಟರು. ಫೋಟೋಗೆ ಬಾ ಅಂತ ಎಲ್ಲರೂ ಕರೆದರು, ಹೋದರು. ವಾಪಸ್ ಬಂದು ನೋಡಿದರೆ ಪೆಟ್ಟಿಗೆ ಇಲ್ಲ. ಕೋಣೆಯ ಬೀಗದ ಕೈ ತಂಡ ನಡೆಸುವ ಅಣ್ಣನ ಜೇಬಿನಲ್ಲಿತ್ತು, ಬೀಗ ಮಾತ್ರ ಹಾಕಿರಲಿಲ್ಲ. ಇದಾಗಿ ಎರಡು ವಾರ. ದೂರು ಕೊಟ್ಟಿಲ್ಲ. 'ಪೊಲೀಸ್ ಗಿಲೀಸ್ ಅಂದ್ರೆ ತಂಡದ ಹೆಸರು ಕೆಡುತ್ತೆ, ಆಯೋಜಕರು ಮತ್ತೆ ಕರೆಯಲ್ಲ, ನಾವೆಲ್ಲ ಸೇರಿ ದುಡ್ಡು ಹಾಕಿ ಹೊಸದು ಕೊಡಿಸ್ತೀವಿ' ಅಂತ ಅಣ್ಣ ಹೇಳಿದ್ದಾರೆ. ಹುಡುಗಿಯ ಪ್ರಶ್ನೆ: ಆ ದುಡ್ಡು ತೆಗೆದುಕೊಳ್ಳಲಾ, ಬೇಡವಾ? ತೆಗೆದುಕೊಂಡರೆ ಹಂಗು, ಬೇಡ ಅಂದರೆ ಜಂಬ ಅಂದುಕೊಳ್ಳುತ್ತಾರೆ.

ಎರಡು ಪುಟದ ಪತ್ರದಲ್ಲಿ ಒಂದೂವರೆ ಪುಟ ಈ ದುಡ್ಡಿನದ್ದೇ. ಕೊನೆಯಲ್ಲಿ, ಕಂಸದೊಳಗೆ, ಹೀಗೊಂದು ಸಾಲು: 'ಆ ವಯೊಲಿನ್ ನಮ್ಮ ಗುರುಗಳದ್ದು, ಅವರಿಗೆ ಇನ್ನೂ ಹೇಳಿಲ್ಲ. ಭಾನುವಾರ ಫೋನ್ ಮಾಡಿ ನುಡಿಸು ಅಂದರು. ಗೆಳತಿಯ ವಯೊಲಿನ್ ತಂದು ನುಡಿಸಿದೆ. ತಂತಿ ಬದಲಾಯಿಸಿದೆಯಾ ಅಂತ ಕೇಳಿದರು.'

ಅಲ್ಲಮ್ಮಾ, ಇದು ಕಂಸದೊಳಗೆ ಇಡುವ ಮಾತೇ?

ನಿಮ್ಮ ಗುರುಗಳು ಆ ವಾದ್ಯವನ್ನು ಎಷ್ಟು ವರ್ಷ ಗಲ್ಲದ ಕೆಳಗೆ ಇಟ್ಟುಕೊಂಡಿದ್ದರೋ ಏನೋ. ಫೋನಿನ ಆ ಪುಟ್ಟ ಸ್ಪೀಕರಿನಲ್ಲೂ ದನಿ ಬೇರೆ ಅಂತ ಅವರಿಗೆ ಗೊತ್ತಾಯಿತು. ಅಂಥವರಿಗೆ ನೀವು ಏನು ಉತ್ತರ ಕೊಟ್ಟಿರಿ ಅಂತ ಪತ್ರದಲ್ಲಿ ಬರೆದಿಲ್ಲ. 'ಹೂಂ' ಅಂದಿರುತ್ತೀರಿ. ನಿಮ್ಮ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಆದರೆ ಈ ಪತ್ರದಲ್ಲಿ ನನ್ನ ಮರುಕ ಜಾಸ್ತಿ ಹೋಗುವುದು ಫೋನಿನ ಆ ಕಡೆ ಕಿವಿಗೊಟ್ಟು ಕೂತಿದ್ದವರ ಕಡೆಗೆ. ಕಳೆದುಹೋದದ್ದು ಅವರ ವಸ್ತು. ಅದು ಕಳೆದುಹೋಗಿದೆ ಅಂತ ಇಡೀ ತಂಡಕ್ಕೆ ಗೊತ್ತು, ಅವರೊಬ್ಬರಿಗೆ ಗೊತ್ತಿಲ್ಲ.

ಇದು ಮರ್ಯಾದೆಯ ಪ್ರಶ್ನೆ ಮಾತ್ರವೂ ಅಲ್ಲ. ವಾದ್ಯ ಸಿಗಬೇಕಾದರೂ ಗುರುಗಳು ಬೇಕು. ಹೇಗೆ ಅಂತೀರಾ? ನಾಳೆ ಠಾಣೆಗೆ ಹೋಗಿ 'ಕಂದು ಬಣ್ಣದ ವಯೊಲಿನ್, ಕಪ್ಪು ಪೆಟ್ಟಿಗೆ' ಅಂತ ಬರೆಸಿದಿರಿ ಅಂತಿಟ್ಟುಕೊಳ್ಳಿ. ಪ್ರಪಂಚದ ಅರ್ಧ ವಯೊಲಿನ್‌ಗಳು ಆ ವಿವರಕ್ಕೆ ಹೊಂದುತ್ತವೆ. ಗಿಟಾರಿಗಾದರೆ ಸಾಮಾನ್ಯವಾಗಿ ಕಂಪನಿ ಹಾಕಿದ ಸೀರಿಯಲ್ ನಂಬರ್ ಇರುತ್ತದೆ. ಗಿಬ್ಸನ್ ಕಂಪನಿಯ ಗಿಟಾರಿನಲ್ಲಿ ಬಿರಡೆಗಳಿರುವ ತಲೆಯ ಹಿಂಬದಿ ನೋಡಿದರೆ ಸಾಕು. ಹಳೆಯ ವಯೊಲಿನ್‌ಗಳಲ್ಲಿ ಅಂಥ ನಂಬರೇ ಇರುವುದಿಲ್ಲ. ಒಳಗಡೆ ಅಂಟಿಸಿದ ಚೀಟಿ ಇದೆಯಲ್ಲ ಅನ್ನಬೇಡಿ. ಕಾರ್ಖಾನೆಯಲ್ಲಿ ರಾಶಿಗಟ್ಟಲೆ ತಯಾರಾದ ಅಗ್ಗದ ಪಿಟೀಲುಗಳ ಒಳಗೂ 'ಸ್ಟ್ರಾಡಿವೇರಿಯಸ್' ಅಂತ ಇಟಲಿಯ ಹೆಸರಾಂತ ವಯೊಲಿನ್ ತಯಾರಕನ ಹೆಸರಿನ ಚೀಟಿ ಇರುತ್ತದೆ.

ಗುರುತು ಹಿಡಿಯುವುದು ಮರದ ಮೇಲೆ. ಮುಂಭಾಗದ ಹಲಗೆಯಲ್ಲಿ ಮೇಲಿಂದ ಕೆಳಗೆ ಓಡುವ ಸಣ್ಣ ಗೆರೆಗಳನ್ನು ನೋಡಿದ್ದೀರಲ್ವಾ? ಅವು ಆ ಮರ ಬೆಳೆದ ವರ್ಷಗಳ ಗೆರೆಗಳು. ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಅಗಲವಾಗಿ ಇರುತ್ತವೆ. ಒಂದು ಹಲಗೆಯ ಹಾಗೆ ಇನ್ನೊಂದು ಇರುವುದಿಲ್ಲ. ಮೇಲೆ ಬಣ್ಣ ಬಳಿಯಬಹುದು, ಬಿರಡೆ ಬದಲಾಯಿಸಬಹುದು, ಗೆರೆಗಳನ್ನು ಬದಲಾಯಿಸಲು ಆಗುವುದಿಲ್ಲ. ಇನ್ನು ಎಲ್ಲಿ ಸೀಳು ಬಿಟ್ಟಿತ್ತು, ಯಾರು ಅಂಟು ಹಾಕಿದರು, ಗಲ್ಲ ತಾಗುವಲ್ಲಿ ಮೆರುಗು ಎಷ್ಟು ಸವೆದಿದೆ, ಇದೆಲ್ಲ ಗುರುಗಳಿಗೆ ಬಾಯಿಪಾಠ. ಅವರ ಹತ್ತಿರ ಹಳೆಯ ಫೋಟೋ ಇರುತ್ತದೆ, ರಿಪೇರಿ ಮಾಡಿದವರ ರಸೀದಿ ಇರಬಹುದು. ನಿಮ್ಮ ಹತ್ತಿರ ಇರುವುದೆಲ್ಲ ವಾದ್ಯಕ್ಕಿಂತ ನಿಮ್ಮ ಮುಖವೇ ದೊಡ್ಡದಾಗಿ ಕಾಣುವ ಫೋಟೋಗಳು.

ರೋಮನ್ ಟೋಟನ್‌ಬರ್ಗ್ ಅಂತ ಒಬ್ಬ ವಯೊಲಿನ್ ವಾದಕರಿದ್ದರು. 1734ರಲ್ಲಿ ತಯಾರಾದ ಅವರ ಸ್ಟ್ರಾಡಿವೇರಿಯಸ್ 1980ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಕಳುವಾಯಿತು. ಥೇಟ್ ನಿಮ್ಮದೇ ಕಥೆ: ಕಛೇರಿ ಮುಗಿದಿತ್ತು, ಬಂದವರನ್ನು ಮಾತಾಡಿಸುತ್ತಿದ್ದರು, ಒಳಗೆ ಇಟ್ಟಿದ್ದ ವಾದ್ಯ ಮಾಯ. ಒಬ್ಬನ ಮೇಲೆ ಅವರಿಗೆ ಅನುಮಾನವಿತ್ತು, ಮುಚ್ಚಿಡಲಿಲ್ಲ. ಅವನ ಮನೆ ಶೋಧಿಸುವಷ್ಟು ಸಾಕ್ಷಿ ಸಿಗಲಿಲ್ಲ. ಅವನು 2011ರಲ್ಲಿ ಸತ್ತ. ಅವನ ಮಾಜಿ ಹೆಂಡತಿ 2015ರಲ್ಲಿ ಪೆಟ್ಟಿಗೆ ತೆಗೆದು, ಇದಕ್ಕೆಷ್ಟು ಬೆಲೆ ಬರಬಹುದು ಅಂತ ಒಬ್ಬ ಪರಿಣತರಿಗೆ ತೋರಿಸಿದಳು. ಅವರು ಕೂಡಲೇ ಗುರುತು ಹಿಡಿದರು, ಯಾಕೆಂದರೆ ಕಳುವಾದ ವಾದ್ಯದ ವಿವರವೆಲ್ಲ ದಾಖಲೆಯಲ್ಲಿತ್ತು. ಟೋಟನ್‌ಬರ್ಗ್ ಮೂರು ವರ್ಷ ಮುಂಚೆಯೇ, 101ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ವಯೊಲಿನ್ ಅವರ ಹೆಣ್ಣುಮಕ್ಕಳ ಕೈ ಸೇರಿತು. 35 ವರ್ಷ ಆದರೂ ಸೇರಿತು. ಟೋಟನ್‌ಬರ್ಗ್ ಕೂಡ 'ಹೆಸರು ಕೆಡುತ್ತೆ' ಅಂತ ಸುಮ್ಮನಿದ್ದಿದ್ದರೆ ಆ ಪರಿಣತರು ಒಳ್ಳೆಯ ಬೆಲೆ ಹೇಳಿ ಕಳಿಸುತ್ತಿದ್ದರು, ಅಷ್ಟೆ.

ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯ ಹೊಫ್ನರ್ ಕಂಪನಿಯ ಬೇಸ್ ಗಿಟಾರ್ ಕಳುವಾದದ್ದು 1972ರಲ್ಲಿ, ಲಂಡನ್ನಿನಲ್ಲಿ ನಿಲ್ಲಿಸಿದ್ದ ವ್ಯಾನಿನಿಂದ. ಅದನ್ನು ಹುಡುಕುತ್ತಿದ್ದೇವೆ ಅಂತ ಕೆಲವರು ಬಹಿರಂಗವಾಗಿ ಸಾರಿದ ಮೇಲೆ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. ವಾಪಸ್ ಬಂದ ಸುದ್ದಿ ಹೊರಬಿದ್ದದ್ದು 2024ರಲ್ಲಿ. ಸಿಗದೇ ಹೋದವೂ ಬೇಕಾದಷ್ಟಿವೆ, ಸುಳ್ಳು ಭರವಸೆ ಕೊಡುವುದಿಲ್ಲ. ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್‌ನ ಗಿಬ್ಸನ್ ಗಿಟಾರ್ 1966ರಲ್ಲಿ ಹೋದದ್ದು ಅವರ ಕೈಗೆ ಮತ್ತೆ ಬಂದೇ ಇಲ್ಲ. ಆದರೆ ಸಿಕ್ಕವುಗಳ ಕಥೆ ಕೇಳಿ ನೋಡಿ, ಎಲ್ಲೋ ಒಬ್ಬರು ಬಾಯಿ ಬಿಟ್ಟಿರುತ್ತಾರೆ.

ಈಗ ಅಣ್ಣನ ವಿಷಯಕ್ಕೆ ಬರೋಣ. ಅವರೇ ಕದ್ದರು ಅಂತ ನಾನು ಹೇಳುತ್ತಿಲ್ಲ. ದುಡ್ಡು ಕೂಡಿಸುತ್ತೇನೆ ಅನ್ನುವುದರಲ್ಲಿ ಒಳ್ಳೆಯತನವೂ ಇರಬಹುದು. ಆದರೆ ಈ ಅಂಕಣ ಓದುವವರಿಗೆ ನನ್ನ ಹಳೇ ಚಾಳಿ ಗೊತ್ತು: 'ಹೆಸರು ಕೆಡುತ್ತೆ' ಅಂತ ಯಾರಾದರೂ ಅಂದರೆ, ಯಾರ ಹೆಸರು ಅಂತ ಕೇಳುತ್ತೇನೆ. ಇಲ್ಲಿ ಕೆಡುವುದು ಬೀಗ ಹಾಕದವರ ಹೆಸರು. ನಷ್ಟ ನಿಮ್ಮ ಗುರುಗಳದ್ದು, ಸುಳ್ಳು ಹೇಳುವ ಕೆಲಸ ನಿಮ್ಮದು, ಮಾನ ಉಳಿಯುವುದು ಅಣ್ಣನದ್ದು. ಚೆನ್ನಾಗಿದೆ ಲೆಕ್ಕ!

ಅವರು ಸುಮ್ಮನಿರಿಸಿದ ಎರಡು ವಾರದಲ್ಲಿ ಏನೇನು ಹೋಯಿತು ಗೊತ್ತಾ? ಸಭಾಂಗಣದ ಬಾಗಿಲಲ್ಲಿ, ವಾಹನ ನಿಲ್ಲಿಸುವ ಜಾಗದಲ್ಲಿ ಕ್ಯಾಮೆರಾ ಇದ್ದರೆ ಅದರ ದೃಶ್ಯಗಳು ಸದಾಕಾಲ ಉಳಿಯುವುದಿಲ್ಲ. ಜಾಗ ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ದಾಖಲಾಗುತ್ತದೆ. ಕೆಲವು ಕಡೆ ವಾರಕ್ಕೇ ಅಳಿಸಿಹೋಗುತ್ತದೆ, ಕೆಲವು ಕಡೆ ತಿಂಗಳವರೆಗೆ ಇರುತ್ತದೆ. ನಿಮ್ಮ ಅದೃಷ್ಟಕ್ಕೆ ಇನ್ನೂ ಇದ್ದರೂ ಇರಬಹುದು. ಗುರುಗಳು ವಾದ್ಯಕ್ಕೆ ವಿಮೆ ಮಾಡಿಸಿದ್ದರೆ ಅಲ್ಲೂ ಇದೇ ಪಾಡು. ವಿಮೆಯವರು ದೂರಿನ ಪ್ರತಿ ಕೇಳುತ್ತಾರೆ, ಇಷ್ಟು ದಿನ ಯಾಕೆ ತಿಳಿಸಲಿಲ್ಲ ಅಂತಲೂ ಕೇಳುತ್ತಾರೆ.

ದುಡ್ಡಿನ ಬಗ್ಗೆ ಕೇಳಿದ್ದೀರಲ್ಲ, ಅದು ನೀವು ತೀರ್ಮಾನ ಮಾಡುವ ಸಂಗತಿಯೇ ಅಲ್ಲ. ವಸ್ತು ನಿಮ್ಮದಲ್ಲ, ಪರಿಹಾರ ಒಪ್ಪಿಕೊಳ್ಳಲು ನೀವು ಯಾರು? ತಂಡದವರು ಕೊಡುವುದಾದರೆ ಗುರುಗಳ ಮುಂದೆ ಬಂದು, ಹೀಗಾಯಿತು ಅಂತ ಹೇಳಿ ಕೊಡಲಿ. ಬೇಕೋ ಬೇಡವೋ ಅವರು ಹೇಳುತ್ತಾರೆ. ಜಂಬ, ಹಂಗು ಎರಡರ ಚಿಂತೆಯೂ ನಿಮಗೆ ಬೇಡ.

ಇವತ್ತು ಸಂಜೆ ಗುರುಗಳ ಮನೆಗೆ ಹೋಗಿ. ಫೋನು ಬೇಡ, ಮೆಸೇಜ್ ಅಂತೂ ಬೇಡವೇ ಬೇಡ. ಅಪ್ಪ ಅಮ್ಮನನ್ನು ಮುಂದೆ ಬಿಟ್ಟುಕೊಂಡು ಹೋಗಬೇಡಿ. ಬಾಗಿಲು ತೆಗೆದು 'ವಯೊಲಿನ್ ಎಲ್ಲಿ' ಅಂತ ಅವರು ಕೇಳುವ ಮುಂಚೆ ನೀವೇ ಹೇಳಿ. ಬೀಗ, ಅಣ್ಣ, ಫೋಟೋ, ಗೆಳತಿಯ ವಯೊಲಿನ್, ಎಲ್ಲವನ್ನೂ ಹೇಳಿ. ಬೈದರೆ ಬೈಸಿಕೊಳ್ಳಿ. ಮಾತಾಡದೆ ಕೂತರೆ ನೀವೂ ಕೂತಿರಿ. ಆಮೇಲೆ ಹಳೆಯ ಫೋಟೋ ಕೇಳಿ, ಅವರು ಹೇಳುವ ಗುರುತುಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ಪೆಟ್ಟಿಗೆಯಲ್ಲಿದ್ದ ಕಮಾನಿನ ವಿವರವೂ ಇರಲಿ, ಒಳ್ಳೆಯ ಕಮಾನಿಗೆ ಅದರದ್ದೇ ಬೆಲೆ ಇದೆ. ಆ ಕಾಗದ ಹಿಡಿದು ಠಾಣೆಗೆ ಹೋಗಿ ದೂರು ಕೊಡಿ, ಸಾಧ್ಯವಾದರೆ ಅವರ ಜೊತೆಗೇ. ಕ್ಯಾಮೆರಾ ಮಾತು ಅಲ್ಲಿ ಮೊದಲು ಎತ್ತಿ. ಫೋಟೋಗಳನ್ನು ವಾದ್ಯ ರಿಪೇರಿ ಮಾಡುವವರಿಗೆ, ಹಳೆಯ ವಾದ್ಯ ಕೊಂಡು ಮಾರುವವರಿಗೆ ಕಳಿಸಿ. ಆನ್‌ಲೈನಿನಲ್ಲಿ ಯಾರಾದರೂ ಅದನ್ನು ಮಾರಾಟಕ್ಕೆ ಇಟ್ಟದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ಕೊಡಿ. ಕೊಳ್ಳುವವಳ ಹಾಗೆ ನಟಿಸಿ ಒಬ್ಬಳೇ ಹೋಗುವ ಸಾಹಸ ಬೇಡ.

ದೂರು ಕೊಟ್ಟಾದ ಮೇಲೆ ಅಣ್ಣನಿಗೆ ಫೋನ್ ಮಾಡಿ. ಕೊಡಲಾ ಅಂತ ಕೇಳಲು ಹೋಗಬೇಡಿ, ಕೊಟ್ಟಿದ್ದೇನೆ ಅಂತ ತಿಳಿಸಿ. ಆ ರಾತ್ರಿ ಕೋಣೆಗೆ ಯಾರ್ಯಾರು ಬಂದು ಹೋದರು ಅಂತ ಪೊಲೀಸರು ಕೇಳುತ್ತಾರೆ. ಆ ಹೆಸರುಗಳನ್ನು ಈಗಲೇ ನೆನಪು ಮಾಡಿಕೊಂಡು ಬರೆದಿಡಲಿ.