ಆ ಚರ್ಚಿಲ್ ಬೇರೆ, ಈ ಚರ್ಚಿಲ್ ಬೇರೆ

ಹಳೆಯ ಅಮೆರಿಕನ್ ಕಾದಂಬರಿಯೊಂದರ ಮೇಲೆ ವಿನ್‌ಸ್ಟನ್ ಚರ್ಚಿಲ್ ಎಂದಿದೆ, ಇದು ಬ್ರಿಟನ್ನಿನ ಪ್ರಧಾನಿ ಬರೆದದ್ದೇ ಎಂದು ಕೇಳಿದ್ದೀರಿ. ಅಲ್ಲ. ಇವರು 1871ರಲ್ಲಿ ಹುಟ್ಟಿದ ಅಮೆರಿಕದ ಕಾದಂಬರಿಕಾರರು; ಪ್ರಧಾನಿಯಾದವರು ಮೂರು ವರ್ಷ ಕಿರಿಯರು. ಆ ಕಾಲಕ್ಕೆ ಓದುಗರ ನಡುವೆ ಹೆಚ್ಚು ಹೆಸರು ಮಾಡಿದ್ದವರು ಅಮೆರಿಕದವರೇ!

ಗೊಂದಲ ಕಂಡು 1899ರಲ್ಲಿ ಬ್ರಿಟಿಷ್ ಚರ್ಚಿಲ್ಲರೇ ಅವರಿಗೆ ಪತ್ರ ಬರೆದು, ಇನ್ನು ಮುಂದೆ ತಮ್ಮ ಬರಹಗಳಿಗೆ ‘ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್’ ಎಂದು ಸಹಿ ಹಾಕುವುದಾಗಿ ತಿಳಿಸಿದರು. ಬಂದ ಉತ್ತರ ನನಗೆ ಬಹಳ ಇಷ್ಟ: ತನಗೂ ಇನ್ನೊಂದು ಹೆಸರಿದ್ದಿದ್ದರೆ ತಾನೂ ಅದನ್ನು ಸೇರಿಸಿಕೊಳ್ಳುತ್ತಿದ್ದೆ ಎಂದು!

ಹಾಗಾಗಿ ಹೆಸರಿನ ನಡುವೆ ‘ಸ್ಪೆನ್ಸರ್’ ಅಥವಾ ‘ಎಸ್.’ ಇದೆಯೇ ನೋಡಿ. ಕಾದಂಬರಿ ಎನ್ನುವುದೊಂದನ್ನೇ ನೆಚ್ಚಬೇಡಿ. ಪ್ರಧಾನಿಯವರೂ ಒಂದು ಕಾದಂಬರಿ ಬರೆದಿದ್ದಾರೆ.