ತುಮಕೂರಿನ ಹತ್ತಿರದ ದೇವರಾಯನದುರ್ಗದ ಕಪ್ಪೆಗಳಿಗೆ ಚರ್ಮದ ಶಿಲೀಂಧ್ರ ತಗುಲಿದೆಯೇ ಅಂತ ತಿಳಿಯೋದು ಹೇಗೆ?

ಬರೀ ಕಣ್ಣಿಗೆ ಗೊತ್ತಾಗಲ್ಲ. ಹತ್ತಿಕಡ್ಡಿಯಿಂದ ಕಪ್ಪೆಯ ಚರ್ಮ ಒರೆಸಿ, ಅದರಲ್ಲಿ ಕೈಟ್ರಿಡ್ ಅನ್ನೋ ಈ ಶಿಲೀಂಧ್ರದ ಡಿಎನ್‌ಎ ಇದೆಯೇ ಅಂತ ಪಿಸಿಆರ್ ಪರೀಕ್ಷೆ ಮಾಡಿಸಬೇಕು (ಕೋವಿಡ್‌ಗೆ ಮಾಡ್ತಿದ್ದ ಥರದ್ದೇ). ಅದೇ ಕುಂಟೆಗಳಲ್ಲಿ, ಅದೇ ಋತುವಿನಲ್ಲಿ ವರ್ಷವರ್ಷವೂ ಮಾಡಿದರೆ ಹರಡುವ ದಾರಿ ಕಾಣುತ್ತೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಇದು ಈಗಾಗಲೇ ಸಿಕ್ಕಿದೆ.

ಶಿಲೀಂಧ್ರ ಬೆಳೆಯೋದು ಕೆರಾಟಿನ್ (ನಮ್ಮ ಉಗುರಲ್ಲಿರೋ ಪ್ರೋಟೀನು) ಇರುವ ಹೊರಚರ್ಮದಲ್ಲಿ. ಕಪ್ಪೆ ನೀರು, ಲವಣಗಳನ್ನು ಚರ್ಮದಿಂದಲೇ ಹೀರುತ್ತೆ. ಚರ್ಮ ಕೆಟ್ಟರೆ ರಕ್ತದ ಸೋಡಿಯಂ, ಪೊಟ್ಯಾಸಿಯಂ ಇಳಿದು ಹೃದಯ ನಿಲ್ಲುತ್ತೆ. ಮಾದರಿ ತೆಗೆಯಲು ಹೊಟ್ಟೆ, ಒಳತೊಡೆ, ಹಿಂಗಾಲ ಬೆರಳ ನಡುವಿನ ಪೊರೆಯನ್ನು ತಲಾ ಐದು ಸಲ ಒರೆಸಿ. ಗೊದಮೊಟ್ಟೆಗೆ ಕೆರಾಟಿನ್ ಇರೋದು ಬಾಯಲ್ಲಿ, ಅಲ್ಲೇ ಒರೆಸಬೇಕು.

ಎಡವಟ್ಟಾಗೋದು ಕೆಸರಿನಿಂದ. ಮಣ್ಣಿನಂಶ ಪಿಸಿಆರ್‌ಗೆ ಅಡ್ಡಿಯಾಗಿ, ರೋಗವಿದ್ದರೂ ಇಲ್ಲ ಅನ್ನಬಹುದು. ಮೊದಲು ಕಪ್ಪೆಯನ್ನು ಶುದ್ಧ ನೀರಲ್ಲಿ ತೊಳೆಯಿರಿ. ಒಂದೊಂದು ಕಪ್ಪೆಗೂ ಹೊಸ ಗ್ಲೌಸ್ ಬೇಕು. ಕುಂಟೆಯಿಂದ ಕುಂಟೆಗೆ ಹೋಗುವಾಗ ಬೂಟು ತೊಳೆದು ಪೂರ್ತಿ ಒಣಗಿಸಿ, ಇಲ್ಲದಿದ್ದರೆ ರೋಗ ಹರಡೋರು ನೀವೇ!

ಈ ಶಿಲೀಂಧ್ರಕ್ಕೆ 17–25 ಡಿಗ್ರಿ ಹಿತ, 28 ದಾಟಿದರೆ ಬೆಳೆಯೋಕೆ ಕಷ್ಟ. ಏಪ್ರಿಲ್ ಬಿಸಿಲಲ್ಲಿ ಸಿಗಲಿಲ್ಲ ಅಂದಮಾತ್ರಕ್ಕೆ ತುಮಕೂರಲ್ಲಿ ಇಲ್ಲ ಅನ್ನೋಕಾಗಲ್ಲ. ಮಳೆಗಾಲದ ಕೊನೆಯಲ್ಲಿ ಹುಡುಕಿ.